ನೀಲಿ ಟೇಪಿನ ಪಾಠ

ನಿವೇದಿತಾ ಎಂಟು ವರ್ಷ ದುಬೈನಲ್ಲಿ ಕಟ್ಟಡಗಳನ್ನು ಪಾಸು ಮಾಡಿದವಳು. ಗೋಡೆ ಸೊಟ್ಟಗಿದ್ದರೆ ಕೆಡವಿಸುವುದು, ಟೈಲ್ಸಿನ ಕೆಳಗೆ ಟೊಳ್ಳಿದ್ದರೆ ಕೀಳಿಸುವುದು, ಗುತ್ತಿಗೆದಾರರು ಎಷ್ಟೇ ಚಹಾ ಕುಡಿಸಿದರೂ ಸಹಿ ಹಾಕದೆ ಮುಂದಿನ ಮಹಡಿಗೆ ನಡೆದುಬಿಡುವುದು, ಇದು ಅವಳ ಕೆಲಸವಾಗಿತ್ತು. ಈಗ ಐದನೇ ತರಗತಿಯ ಮಕ್ಕಳ ಎದುರಿಗೆ ಅವಳೇ ಪಾಸಾಗಬೇಕಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಆ ಗುತ್ತಿಗೆದಾರರೆಲ್ಲ ಎಲ್ಲೋ ಕೂತು ನಗುತ್ತಿರಬೇಕು.

ಅವಳಿದ್ದ ವಿಭಾಗವನ್ನು ಕಂಪನಿ ಮುಚ್ಚಿದಾಗ ಅವಳಿಗೆ ಬೇಜಾರಿಗಿಂತ ಹಗುರವೇ ಅನ್ನಿಸಿತ್ತು. ಅಲ್ ಕುಸೈಸ್‌ನ ಅವರ ಫ್ಲ್ಯಾಟಿನ ಎದುರಿಗೇ ಒಂದು ಇಂಡಿಯನ್ ಶಾಲೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಮಕ್ಕಳ ಗದ್ದಲ ಕೇಳುತ್ತ ಕೇಳುತ್ತ ಲೆಕ್ಕ ಕಲಿಸುವ ಹುಚ್ಚು ಹಿಡಿಯಿತು. ಇಂಜಿನಿಯರಿಂಗ್ ಡಿಗ್ರಿ ಇತ್ತು, ಬಿ.ಎಡ್. ಇರಲಿಲ್ಲ. ಅಂಥವರಿಗಾಗಿ ಬೇರೆಯೇ ಒಂದು ದಾರಿ ಇತ್ತು. ಅಪ್ಪ ಪರಸಪ್ಪ ಅದನ್ನು ಅಡ್ಡದಾರಿ ಎನ್ನುತ್ತಿದ್ದರು, ಅವಳು ಒಳದಾರಿ ಎಂದು ತಿದ್ದುತ್ತಿದ್ದಳು.

ಒಳದಾರಿಯೇ ಆದರೂ ಮುಳ್ಳಿಗೇನೂ ಬರವಿರಲಿಲ್ಲ. ವಾರವಿಡೀ ಎದುರಿನ ಅದೇ ಶಾಲೆಯಲ್ಲಿ ತರಬೇತಿ ಶಿಕ್ಷಕಿಯಾಗಿ ಪಾಠ ಹೇಳಬೇಕು. ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ಅಬುಧಾಬಿಗೆ ಹೋಗಿ, ಬ್ಯಾಂಕು ಬಿಟ್ಟವರು, ಔಷಧಿ ಅಂಗಡಿ ಬಿಟ್ಟವರು, ವಿಮಾನದಲ್ಲಿ ಊಟ ಬಡಿಸಿ ಸಾಕಾದವರು, ಇವರ ನಡುವೆ ತಾನೇ ಬೆಂಚಿನ ಮೇಲೆ ಕೂತು ಪಾಠ ಕೇಳಬೇಕು. ಮಕ್ಕಳ ಮನಸ್ಸಿನ ಬಗ್ಗೆ ಪ್ರಬಂಧ ಬರೆಯಬೇಕು, ಇಂಗ್ಲಿಷ್ ಪರೀಕ್ಷೆ ಕೊಡಬೇಕು. ಇಷ್ಟಕ್ಕೆಲ್ಲ ಆಸರೆಯಾಗಿ ಶಾಲೆಯಲ್ಲೇ ಒಬ್ಬ ಮಾರ್ಗದರ್ಶಿ ಶಿಕ್ಷಕಿಯನ್ನು ಕೊಡುತ್ತಾರೆ. ಕೊನೆಗೆ ಅಬುಧಾಬಿಯಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡುತ್ತಾರೆ. ಅವರು ಒಪ್ಪಿದರೆ ಪ್ರಮಾಣಪತ್ರ, ಒಪ್ಪದಿದ್ದರೆ ಇನ್ನೊಂದೇ ಒಂದು ಅವಕಾಶ. ಅದೂ ಕೈತಪ್ಪಿದರೆ ಪರವಾನಗಿ ಖಲಾಸ್, ಮತ್ತೆ ತರಗತಿಯೊಳಗೆ ಕಾಲಿಡುವಂತಿಲ್ಲ.

ನಿವೇದಿತಾಗೆ ಆ ತರಗತಿ ಬೇಕಾಗಿತ್ತು. ಎಂಟು ವರ್ಷದಲ್ಲಿ ಯಾವ ಕಟ್ಟಡವೂ ಅವಳನ್ನು ಕಂಡು ಎದ್ದು ನಿಂತಿರಲಿಲ್ಲ, ಜ್ವರ ಬಂದು ರಜೆ ಹಾಕಿದರೆ ಎಲ್ಲಿ ಹೋಗಿದ್ದಿರಿ ಎಂದು ಕೇಳಿರಲಿಲ್ಲ. ಈ ಮಕ್ಕಳು ಕೇಳುತ್ತಿದ್ದವು. ಈ ಕೆಲಸ ಕೈಬಿಟ್ಟು ಹೋದರೆ ತಾನು ಅಡುಗೆಮನೆಯ ಆ ಕಿಟಕಿಗೆ ಪರದೆ ಹಾಕಿಬಿಡುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು.

ಪರಸಪ್ಪ ಇಳಕಲ್ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೆಡ್ಮಾಸ್ತರಾಗಿ ನಿವೃತ್ತರಾದವರು, ವಿಸಿಟ್ ವೀಸಾದ ಮೇಲೆ ಮಗಳ ಮನೆಗೆ ಬಂದಿದ್ದರು. ಅಳಿಯ ತರುಣ ಅಬುಧಾಬಿಯ ಸೈಟಿನಲ್ಲಿದ್ದು ವಾರಾಂತ್ಯಕ್ಕೆ ಮಾತ್ರ ಮನೆಗೆ ಬರುತ್ತಿದ್ದ. ಹೀಗಾಗಿ ಹಗಲೆಲ್ಲ ಹೆಡ್ಮಾಸ್ತರಿಗೆ ಬಾಲ್ಕನಿಯೇ ಗತಿ. ಅವರ ಹಳೆಯ ವಿದ್ಯಾರ್ಥಿಯೊಬ್ಬ ಕರಾಮದಲ್ಲಿ ಖಾನಾವಳಿ ಇಟ್ಟಿದ್ದ. ಖಡಕ್ ರೊಟ್ಟಿ, ಎಣ್ಣೆಗಾಯಿ ಮಾಡಿಟ್ಟು ದಿನಾ ಫೋನು ಮಾಡಿ ಕರೆಯುತ್ತಿದ್ದ. ಮೆಟ್ರೋ ಹತ್ತಿ ಹೋಗಿ ಬಾ ಎಂದು ನಿವೇದಿತಾ ಟಿಕೆಟ್ಟಿನ ಬದಲು ಗೇಟಿಗೆ ತೋರಿಸುವ ನೋಲ್ ಕಾರ್ಡು ತಂದುಕೊಟ್ಟು ತಿಂಗಳಾಗುತ್ತ ಬಂದಿತ್ತು. ಅಪ್ಪ ಒಂದು ದಿನ ಮೊಣಕಾಲು ಎನ್ನುತ್ತಿದ್ದರು, ಇನ್ನೊಂದು ದಿನ ಬಿಸಿಲು ಎನ್ನುತ್ತಿದ್ದರು. ಜನವರಿಯಲ್ಲಿ ಎಂಥ ಬಿಸಿಲು ಎಂದು ಕೇಳುವಷ್ಟು ಪುರುಸೊತ್ತು ಅವಳಿಗೂ ಇರಲಿಲ್ಲ.

ಪರೀಕ್ಷಕರು ಬರುವ ವಾರ ಗೊತ್ತಾದದ್ದೇ ತಡ, ಬಾಲ್ಕನಿಯ ಹೆಡ್ಮಾಸ್ತರಿಗೆ ಜೀವ ಬಂತು.

"ಇನ್‌ಸ್ಪೆಕ್ಟರ್ ಬರತಾನಂದ್ರ ಬೀಗರು ಬಂದಂಗವ್ವಾ," ಎಂದರು. "ಮನಿ ಸಾರಿಸಿ ರಂಗೋಲಿ ಹಾಕಿ ಕುಂದರಬೇಕು. ಮೂವತ್ತು ವರ್ಷ ನೌಕರಿ ಮಾಡೇನಿ, ಒಂದ ಒಂದು ರಿಮಾರ್ಕ್ ಬಿದ್ದಿಲ್ಲ. ಹೆಂಗ ಹೇಳು? ಆ ಪಾಠ ಮೊದಲ ಮಾಡಿ ಮುಗಿಸಿರತಿದ್ದೆ. ಯಾರು ಕೈ ಎತ್ತಬೇಕು, ಯಾರು ಡೌಟ್ ಕೇಳಬೇಕು, ಎಲ್ಲಾ ಪಕ್ಕಾ. ಸಾಹೇಬ್ರ ಮುಂದ ಮಾಡೂದು ಬರೇ ನಾಟಕ."

"ಇಲ್ಲಿ ಹಂಗ ನಡೀತೈತೇನಪ್ಪಾ?"

"ಯಾಕ, ದುಬೈದಾಗ ಹುಡುಗ್ರಿಗೆ ಕೋಡು ಇರ್ತಾವೇನು? ಹುಡುಗ್ರು ಎಲ್ಲಾ ಕಡೆ ಹುಡುಗ್ರ, ಸಾಹೇಬ್ರು ಎಲ್ಲಾ ಕಡೆ ಸಾಹೇಬ್ರ."

ಮಾರ್ಗದರ್ಶಿ ಝುಲೈಖ ಟೀಚರ್ ಹೇಳಿದ್ದು ಬೇರೆ. ಉಳ್ಳಾಲದ ಬ್ಯಾರಿ ಹೆಂಗಸು, ಈ ಶಾಲೆಯಲ್ಲೇ ತಲೆ ನರೆಸಿಕೊಂಡವರು, ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದಾದರೆ ಏಳನೇ ತರಗತಿಯ ಪುಂಡರೂ ಸಾಲಾಗಿ ನಿಲ್ಲುತ್ತಿದ್ದರು. "ನೀನು ತಯಾರಾಗು, ಮಕ್ಕಳನ್ನು ತಯಾರು ಮಾಡ್ಬೇಡ, ಆಯ್ತಾ?" ಎಂದಿದ್ದರು. ನಿವೇದಿತಾ ಹೂಂ ಎಂದು ತಲೆಯಾಡಿಸಿ, ಅಪ್ಪ ಹೇಳಿದಂತೆ ಮಾಡಿದಳು. ಭಯ ಹತ್ತಿದವರಿಗೆ ಹಳೆಯ ದಾರಿಯೇ ಹತ್ತಿರ ಕಾಣುತ್ತದೆ.

ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವ ಪಾಠವನ್ನು ಅವಳು ಆ ವಾರ ಮತ್ತೆ ಮತ್ತೆ ಮಾಡಿದಳು. ಬಾಯಿಬಡುಕ ಅನ್ಸಿಫ್‌ಗೆ ಮೊದಲ ಉತ್ತರ, ಧನುಷ್‌ಗೆ ಒಂದು ಸಂದೇಹ. ಯಾವಾಗಲೂ ಸುಮ್ಮನೆ ಕೂತು ನೋಡುವ ಮಿನ್ಹಾಗೆ ಏನು ಕೊಡುವುದೆಂದು ತಿಳಿಯದೆ, ಬೋರ್ಡು ಒರೆಸುವ ಕೆಲಸ ಕೊಟ್ಟಳು. ಮಕ್ಕಳಿಗೆ ಖುಷಿಯೋ ಖುಷಿ. ಮ್ಯಾಮ್‌ಗೆ ಪರೀಕ್ಷೆಯಂತೆ, ನಾವೇ ಪಾಸು ಮಾಡಿಸಬೇಕಂತೆ ಎಂದು ಮನೆಮನೆಗೂ ಸುದ್ದಿ ಮುಟ್ಟಿಸಿದವು.

ಪರೀಕ್ಷಕ ಜಲೀಲ್ ಸರ್ ತೆಳ್ಳನೆಯ ಮನುಷ್ಯ. ಒಂದೂ ಹೆಚ್ಚಿನ ಮಾತಿಲ್ಲದೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಿವೇದಿತಾ ಬೋರ್ಡಿನ ಮೇಲೆ ಅರ್ಧ ಎಂದು ಬರೆದು, ಕೂಡಿಸುವ ಗುರುತು ಹಾಕಲು ಕೈ ಎತ್ತಿದಳು, ಅಷ್ಟೆ.

"ಫೈವ್ ಬೈ ಸಿಕ್ಸ್, ಮ್ಯಾಮ್!" ಎಂದು ಅನ್ಸಿಫ್ ಕೂಗಿದ.

ಅರ್ಧಕ್ಕೆ ಏನನ್ನು ಕೂಡಿಸಬೇಕೆಂದು ಇನ್ನೂ ಬೋರ್ಡಿಗೇ ಗೊತ್ತಿರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡು ಇವತ್ತಿನ ಪಾಠ ಏನೆಂದು ಹೇಳುವಷ್ಟರಲ್ಲಿ ಧನುಷ್ ಎದ್ದು ನಿಂತ. ಛೇದಗಳು ಬೇರೆ ಬೇರೆ ಇದ್ದರೆ ಏನು ಮಾಡಬೇಕು ಮ್ಯಾಮ್ ಎಂದು ತನ್ನ ಪಾಲಿನ ಸಂದೇಹವನ್ನು ಒಂದೇ ಉಸಿರಿಗೆ ಒಪ್ಪಿಸಿ, ಕೇಳಿದ್ದಕ್ಕೆ ಧನ್ಯವಾದ ಎಂದು ತಾನೇ ಹೇಳಿಕೊಂಡು ಕೂತ. ಆ ಧನ್ಯವಾದ ಅವಳು ಹೇಳಬೇಕಾದ್ದು. ಮುಂದೆ ಪ್ರತಿ ಪ್ರಶ್ನೆಗೂ ಇಡೀ ತರಗತಿ ಕೈ ಎತ್ತಿತು. ಒಂದೂ ತಪ್ಪು ಉತ್ತರ ಬರಲಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ, ಆರಂಭ ಸ್ವಲ್ಪ ಮುಗ್ಗರಿಸಿದರೂ ಬಚಾವಾದೆ ಎಂದು ಅವಳು ಬೆವರು ಒರೆಸಿಕೊಂಡಳು.

ಜಲೀಲ್ ಸರ್ ಎದ್ದವರು, ಬೋರ್ಡು ಒರೆಸುತ್ತಿದ್ದ ಮಿನ್ಹಾಳ ಬಳಿ ನಿಂತು, ಇವತ್ತು ಏನು ಕಲಿತೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಿನ್ಹಾ ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಆ ಹುಡುಗಿಗೆ ಇರಲಿಲ್ಲ. "ಇವತ್ತು ಏನೂ ಇಲ್ಲ ಸರ್. ಇದನ್ನು ಸೋಮವಾರ ಕಲಿತೆವು. ಮಂಗಳವಾರ ಕೂಡ."

ಹೊರಗೆ ಬಂದು ಅವರು ಇಂಗ್ಲಿಷಿನಲ್ಲೇ ಮೆಲ್ಲಗೆ ಹೇಳಿದರು. ಮಕ್ಕಳು ಜಾಣರಿದ್ದಾರೆ, ನಿಮ್ಮನ್ನು ಪ್ರೀತಿಸುತ್ತಾರೆ. ಆದರೆ ಈ ಪಿರಿಯಡ್ಡಿನಲ್ಲಿ ಯಾರೂ ಏನೂ ಕಲಿಯಲಿಲ್ಲ, ನೀವು ಏನನ್ನೂ ಕಲಿಸಲಿಲ್ಲ. ಮುಂದಿನ ಗುರುವಾರ ಮತ್ತೆ ಬರುತ್ತೇನೆ, ಹೊಸ ಪಾಠ ಇರಲಿ.

ನಿವೇದಿತಾ ಸ್ಟಾಫ್ ರೂಮಿಗೆ ಹೋಗಿ ಕುಸಿದು ಕೂತಳು. ಝುಲೈಖ ಟೀಚರ್ ಫ್ಲಾಸ್ಕಿನಿಂದ ಸುಲೈಮಾನಿ ಚಹಾ ಬಗ್ಗಿಸಿ ಮುಂದಿಟ್ಟರು, ಆಮೇಲೆ ಶುರುಮಾಡಿದರು.

"ಎಂತ ಮಾರಾಯ್ತಿ, ನೀನು ಪಾಠ ಮಾಡಿದ್ದಾ, ಯಕ್ಷಗಾನ ಆಡಿಸಿದ್ದಾ? ಬೇಡ ಅಂತ ನಾನು ಹೇಳ್ಲಿಲ್ವಾ ನಿಂಗೆ?"

"ಎಲ್ಲಾರೂ ಕೈ ಎತ್ತಿದ್ರಲ್ರೀ ಟೀಚರ್."

"ಎತ್ತಿದ್ರು, ಎತ್ತಿದ್ರು. ಈಗ ಒಂದು ಕೇಳ್ತೇನೆ, ಹೇಳು. ನಿನ್ನ ಕ್ಲಾಸಲ್ಲಿ ಯಾವ ಮಗುವಿಗೆ ಎಂತ ಗೊತ್ತಿಲ್ಲ?"

ನಿವೇದಿತಾ ಮನಸ್ಸಿನಲ್ಲೇ ಬೆಂಚಿನಿಂದ ಬೆಂಚಿಗೆ ನಡೆದು ನೋಡಿದಳು. ತಾನು ನೋಡಿದ ಕೊನೆಯ ಕಟ್ಟಡದಲ್ಲಿ ಯಾವ ಫ್ಲ್ಯಾಟಿನ ಯಾವ ಬಚ್ಚಲಿನಲ್ಲಿ ನೀರು ಹಿಂದಕ್ಕೆ ಹರಿಯುತ್ತಿತ್ತು ಎಂಬುದು ಇವತ್ತಿಗೂ ಅವಳಿಗೆ ಕಂಠಪಾಠ. ದಿನಾ ಮುಖ ನೋಡುವ ಮಕ್ಕಳಲ್ಲಿ ಒಂದರ ಬಗ್ಗೆಯೂ ಹೇಳಲಾಗಲಿಲ್ಲ. ಅವಳಿಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು.

"ಅಳ್ಬೇಡ, ಚಾ ಕುಡಿ," ಎಂದರು ಝುಲೈಖ ಟೀಚರ್. "ಬಿಲ್ಡಿಂಗ್ ಕೊಡುವ ಮೊದಲು ನೀನು ಎಂತ ಮಾಡ್ತಿದ್ದೆ? ಎಲ್ಲ ಚಂದ ಉಂಟು ಅಂತ ಸುಮ್ಮನೆ ಸಹಿ ಹಾಕ್ತಿದ್ಯಾ?"

"ಇಲ್ರೀ. ಬಿರುಕು, ಕಲೆ, ಟೊಳ್ಳು, ಎಲ್ಲಿದ್ರ ಅಲ್ಲಿ ನೀಲಿ ಟೇಪ್ ಅಂಟಸ್ತಿದ್ದೆ. ಅದನ್ನ ಸರಿ ಮಾಡಿದ ಮ್ಯಾಲೆ ಟೇಪ್ ಕೀಳೂದು." ಹೇಳುತ್ತ ಹೇಳುತ್ತ ಅವಳು ಲೋಟ ಕೆಳಗಿಟ್ಟಳು.

ಮನೆಗೆ ಬಂದು ಅವಳು ಮಂಚದ ಕೆಳಗಿನ ಸೈಟ್ ಬ್ಯಾಗು ಎಳೆದಳು. ಹೆಲ್ಮೆಟ್ಟಿನೊಳಗೆ ಅರ್ಧ ಮುಗಿದ ನೀಲಿ ಟೇಪಿನ ಸುರುಳಿ ಹಾಗೇ ಇತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಸಂಗತಿ ಕೇಳಿ, ಹಣೆ ಹಣೆ ಬಡಿದುಕೊಂಡರು.

"ಬಂದ ಸಾಹೇಬ್ರಿಗೆ ನಮ್ಮ ತೂತು ನಾವ ತೋರಿಸೂದಾ? ಹುಚ್ಚಿ ಅದೀ ಏನ?"

"ತೂತು ಮುಚ್ಚಿಟ್ಟೇ ಫೇಲ್ ಆಗೇನಪ್ಪಾ," ಎಂದಳು ನಿವೇದಿತಾ. ಅಪ್ಪ ಮುಖ ತಿರುಗಿಸಿ ಬಾಲ್ಕನಿಗೆ ಹೋದರು.

ಮರುದಿನ ಪ್ರತಿ ಮಗುವಿನ ಮೇಜಿಗೂ ಒಂದೊಂದು ತುಂಡು ನೀಲಿ ಟೇಪು ಬಂತು. ತಿಳಿಯದ ಕಡೆ ಅಂಟಿಸಿ, ತಿಳಿದ ಮೇಲೆ ಕೀಳಿ, ಇಷ್ಟೇ ನಿಯಮ. ಯಾರೂ ಅಂಟಿಸಲಿಲ್ಲ. ಅನ್ಸಿಫ್ ಮಾತ್ರ ಧನುಷ್‌ನ ಬೆನ್ನಿಗೆ ಅಂಟಿಸಿದ. ತಿಳಿಯದು ಎಂದು ಒಪ್ಪಿಕೊಳ್ಳಲು ಮಕ್ಕಳಿಗೂ ಮಾನ ಅಡ್ಡ ಬರುತ್ತದೆ, ಅದು ದೊಡ್ಡವರದೇ ಸ್ವತ್ತೇನಲ್ಲ.

ಆಗ ನಿವೇದಿತಾ ತಾನೇ ಒಂದು ತುಂಡು ಹರಿದು, ಬೋರ್ಡಿನ ಮೇಲಿನ ಭಿನ್ನರಾಶಿಯ ಪಕ್ಕ ಅಂಟಿಸಿದಳು. ಇದಕ್ಕೆ ಅರಬಿಯಲ್ಲಿ ಏನನ್ನುತ್ತಾರೋ ನನಗೆ ಗೊತ್ತಿಲ್ಲ, ಇಷ್ಟು ವರ್ಷ ಈ ಊರಲ್ಲಿದ್ದೂ ಕಲಿಯಲಿಲ್ಲ ಎಂದಳು. ತರಗತಿ ಒಂದು ಕ್ಷಣ ಬೆರಗಾಯಿತು. ಆಮೇಲೆ ಅರಬಿ ಪಿರಿಯಡ್ಡಿನಲ್ಲಿ ಸದಾ ಬೈಸಿಕೊಳ್ಳುವ ಧನುಷ್, "ಕಸ್ರ್, ಮ್ಯಾಮ್," ಎಂದ. ಅವಳು ಎರಡು ಸಲ ತಪ್ಪಾಗಿ ಹೇಳಿದಳು, ಇಡೀ ತರಗತಿ ನಕ್ಕು ತಿದ್ದಿತು, ಮೂರನೆಯ ಸಲ ಸರಿಯಾಗಿ ಹೇಳಿ ಟೇಪು ಕಿತ್ತಳು. ಅದಾದ ಮೇಲೆ ನೋಡಬೇಕು! ಪುಸ್ತಕಗಳ ಮೇಲೆಲ್ಲ ನೀಲಿಯೇ ನೀಲಿ. ಹೋದ ವರ್ಷದ ಮಗ್ಗಿಯಿಂದ ಹಿಡಿದು ಹೊಸ ಪಾಠದವರೆಗೆ ಎಲ್ಲಿತ್ತೋ ಇಷ್ಟೊಂದು ತಿಳಿಯದಿರುವಿಕೆ. ಅವಳು ಒಂದೊಂದರ ಮುಂದೆಯೂ ಮಂಡಿಯೂರಿ ಕೂತಳು. ಸೊಂಟ ನೋಯಿತು, ಖುಷಿಯೂ ಆಯಿತು.

ಗುರುವಾರ ಜಲೀಲ್ ಸರ್ ಬಂದು ಅದೇ ಬೆಂಚಿನಲ್ಲಿ ಕೂತರು. ಹೊಸ ಪಾಠ, ಭಿನ್ನರಾಶಿಯ ಭಾಗಾಕಾರ. ನಿವೇದಿತಾ ಬೋರ್ಡಿನ ಮುಂದೆ ನಿಂತಳು. ಮೂರು ಖುಬೂಸ್ ರೊಟ್ಟಿ ಇದೆ, ಒಬ್ಬೊಬ್ಬರಿಗೆ ಅರ್ಧರ್ಧ ಕೊಟ್ಟರೆ ಎಷ್ಟು ಜನಕ್ಕೆ ಬರುತ್ತದೆ ಎಂದು ಚಿತ್ರ ಬರೆದು ಕೇಳಿದಳು. ಆರು ಎಂದಿತು ತರಗತಿ. ಹಾಗಾದರೆ ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಎಂದು ಬರೆದಳು. ಎಲ್ಲ ಸಲೀಸಾಗಿ ಹೊರಟಿತ್ತು.

ಮಿನ್ಹಾ ಎದ್ದು ಬಂದಳು. ತನ್ನ ಟೇಪನ್ನು ಪುಸ್ತಕಕ್ಕಲ್ಲ, ಬೋರ್ಡಿಗೇ ಅಂಟಿಸಿದಳು, ಆ ಆರರ ಮೇಲೆ.

"ಭಾಗಿಸಿದರೆ ಕಡಿಮೆ ಆಗಬೇಕಲ್ವಾ ಮ್ಯಾಮ್? ರೊಟ್ಟಿ ಈಗಲೂ ಮೂರೇ ಇದೆ. ನೀವು ಆರು ಅಂದಿರಿ. ಆರು ಏನು?"

ನಿವೇದಿತಾ ಮತ್ತೆ ಚಿತ್ರ ತೋರಿಸಿದಳು. ಆರು ತುಂಡು ಎಂದಳು. ತುಂಡು ಆರಾದರೂ ರೊಟ್ಟಿ ಮೂರೇ ಎಂದಳು ಮಿನ್ಹಾ. ಹುಡುಗಿ ಹಟ ಮಾಡುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಪೆನ್ನಿನ ಸದ್ದು ಕೇಳಿಸಿತು. ಇದನ್ನು ಇಲ್ಲಿಗೇ ಬಿಟ್ಟು ಮುಂದೆ ಹೋಗು ಎಂದು ಒಳಗಿನ ಭಯ ಹೇಳಿತು. ಮುಂದೆ ಮಾಡಬೇಕಾದ ಲೆಕ್ಕಗಳ ಹಾಳೆ ಮೇಜಿನ ಮೇಲೆ ಕಾಯುತ್ತಿತ್ತು. ಅವಳು ಹಾಳೆಯನ್ನು ಪಕ್ಕಕ್ಕೆ ಸರಿಸಿ, ಆರು ಏನು ಎಂದು ಯಾರು ಹೇಳುತ್ತೀರಿ ಎಂದು ತರಗತಿಯನ್ನೇ ಕೇಳಿದಳು.

ಒಬ್ಬೊಬ್ಬರು ಒಂದೊಂದು ಹೇಳಿದರು. ಕೆಲವು ತಪ್ಪು, ಕೆಲವು ಇನ್ನೂ ತಪ್ಪು. ಗದ್ದಲವೂ ಆಯಿತು. ಕೊನೆಗೆ ಧನುಷ್ ಎದ್ದ, ಈ ಸಲ ಅವನಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. "ಮೂರು ಲೀಟರ್ ಲಬಾನ್ ಮಜ್ಜಿಗೆ ಇದೆ. ಅರ್ಧ ಲೀಟರ್ ಬಾಟಲಿಗೆ ತುಂಬಿಸಿದರೆ ಆರು ಬಾಟಲಿ. ಲಬಾನ್ ಹೆಚ್ಚಾಗಲಿಲ್ಲ. ಎಷ್ಟು ಬಾಟಲಿ ಅಂತ ಕೇಳಿದ್ದು, ಎಷ್ಟು ಲಬಾನ್ ಅಂತ ಅಲ್ಲ."

ಮಿನ್ಹಾ ತುಟಿ ಕಚ್ಚಿ ಬೋರ್ಡನ್ನೇ ನೋಡಿದಳು. ಆಮೇಲೆ ಅವಳ ಮುಖ ಅರಳಿತು. ಉಗುರಿನಿಂದ ಟೇಪಿನ ತುದಿ ಎಬ್ಬಿಸಿ, ಕಿತ್ತು, ಅಂಗೈಗೆ ಅಂಟಿಸಿಕೊಂಡು ತನ್ನ ಜಾಗಕ್ಕೆ ಹೋದಳು. ಹಿಂದೆಯೇ ಅಲ್ಲೊಂದು ಇಲ್ಲೊಂದು ಟೇಪು ಕೀಳುವ ಸದ್ದು. ಅಷ್ಟರಲ್ಲಿ ಗಂಟೆ ಹೊಡೆಯಿತು. ಲೆಕ್ಕದ ಹಾಳೆ ಮೇಜಿನ ಮೇಲೆ ಇದ್ದಂತೆಯೇ ಇತ್ತು. ಯೋಜನೆಯ ಅರ್ಧವೂ ಮುಗಿದಿರಲಿಲ್ಲ, ಕತೆ ಮುಗಿಯಿತು ಎಂದುಕೊಂಡಳು ನಿವೇದಿತಾ.

ಕಾರಿಡಾರಿನಲ್ಲಿ ಜಲೀಲ್ ಸರ್ ಕನ್ನಡದಲ್ಲಿ ಕೇಳಿದರು, "ಟೇಪು ಎಷ್ಟು ಉಳಿದಿದೆ?"

ಅವರು ಮಂಜೇಶ್ವರದವರೆಂದು ಅವಳಿಗೆ ಆಗಲೇ ತಿಳಿದದ್ದು. ಬೆಚ್ಚಿದ್ದನ್ನು ತೋರಿಸಿಕೊಳ್ಳದೆ ಹೇಳಿದಳು, "ಎರಡು, ಸರ್. ರುಬೀನಗೆ ಇನ್ನೂ ಗುಣಾಕಾರದಾಗ ತೊಡಕೈತ್ರೀ, ಅದನ್ನ ಸರಿ ಮಾಡದ ಇದು ಬರೂದಿಲ್ಲ. ಇನ್ನೊಂದು ಅನ್ಸಿಫ್‌ದು. ಅಂವ ಕಾಲು ಅನ್ನೂದು ಅರ್ಧಕ್ಕಿಂತ ದೊಡ್ಡದು ಅಂದ್ಕೊಂಡಾನ. ನಾಲ್ಕು ಎರಡಕ್ಕಿಂತ ದೊಡ್ಡದಲ್ಲೇನು ಅಂತಾನ."

"ಮೊನ್ನೆ ಫೈವ್ ಬೈ ಸಿಕ್ಸ್ ಅಂದವನಲ್ವಾ ಅವ?"

"ಹೌದ್ರೀ. ಅದು ನಾ ಬಾಯಿಪಾಠ ಮಾಡಿಸಿದ್ದು. ನಾಳೆ ಅಸೆಂಬ್ಲಿಗಿಂತ ಮೊದಲ ಇಬ್ಬರನ್ನೂ ಕರದೇನಿ."

"ಒಳ್ಳೇದು," ಎಂದರು ಜಲೀಲ್ ಸರ್. "ಅವರಿಬ್ಬರಿಗೆ ನಾಳೆ ಟೀಚರ್ ಬೇಕಲ್ಲ, ಹಾಗಾಗಿ ನೀವು ಪಾಸ್." ಅಷ್ಟು ಹೇಳಿ, ಬಂದಷ್ಟೇ ಸದ್ದಿಲ್ಲದೆ ಹೊರಟುಹೋದರು. ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದ ಝುಲೈಖ ಟೀಚರ್ ಬಂದು ಅವಳ ಬೆನ್ನಿಗೊಂದು ಗುದ್ದಿದರು. "ನಾಳೆ ಬಿರಿಯಾನಿ ನಿಂದು, ಮಾಫಿ, ನೆಪ ಎಂತದೂ ಇಲ್ಲ," ಎಂದರು.

ಸಂಜೆ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. "ರಿಮಾರ್ಕ್ ಬಿತ್ತೇನು?"

"ಎರಡು ಉಳದಾವಪ್ಪಾ. ಎಲ್ಲೆಲ್ಲಿ ಅಂತ ನಾನ ಹೇಳಿದೆ. ಪಾಸ್ ಮಾಡಿದ್ರು."

ಪರಸಪ್ಪ ಮಗಳ ತಲೆ ಸವರಿದರು. ಊಟಕ್ಕೆ ಕೂತಾಗಲೂ ಅವರು ಎತ್ತಲೋ ನೋಡುತ್ತಿದ್ದರು, ಎರಡು ಸಲ ಉಪ್ಪು ಹಾಕಿಕೊಂಡರು. ಸುಸ್ತಾಗಿದ್ದ ನಿವೇದಿತಾ ಬೇಗ ಮಲಗಿದಳು.

ಬೆಳಿಗ್ಗೆ ಎದ್ದು ಚಹಾ ಇಡಲು ಬಂದಾಗ ಮೇಜಿನ ಮೇಲೆ ಅವಳ ಲೋಟದ ಪಕ್ಕ ಅಪ್ಪನ ನೋಲ್ ಕಾರ್ಡು ಇತ್ತು. ಅದರ ನಟ್ಟನಡುವೆ ನೀಲಿ ಟೇಪಿನ ಒಂದು ತುಂಡು, ಅಂಚು ಸರಿಯಾಗಿ ಕತ್ತರಿಸಿ, ನೀಟಾಗಿ ಅಂಟಿಸಿದ್ದು.

ಅವಳು ಬಾಲ್ಕನಿಗೆ ಹೋದಳು. ಅಪ್ಪ ರಸ್ತೆ ನೋಡುತ್ತಲೇ ಹೇಳಿದರು, "ಕಾರ್ಡು ಕೊಟ್ಟ ಮರುದಿನಾನ ಹೋಗಿದ್ನವ್ವಾ. ಆ ಗೇಟು ತೆರೀಲಿಲ್ಲ. ಹಿಂದ ಮಂದಿ ಸಾಲು ನಿಂತಿತ್ತು. ಒಬ್ಬಾಕಿ ಸಣ್ಣ ಹುಡುಗಿ ನನ್ನ ನೋಡಿ ನಕ್ಕಳು. ಹೊಳ್ಳಿ ಬಂದೆ."

"ನನಗ ಯಾಕ ಹೇಳಲಿಲ್ಲಪ್ಪಾ?"

"ಹೆಡ್ಮಾಸ್ತರು ಹೆಂಗ ಕೇಳೂದವ್ವಾ?"

ಒಂದು ತಿಂಗಳು ಈ ಮನುಷ್ಯ ಮೊಣಕಾಲನ್ನೂ ಬಿಸಿಲನ್ನೂ ಅಡ್ಡ ಇಟ್ಟುಕೊಂಡು ಇಲ್ಲಿ ಕೂತಿದ್ದರಲ್ಲ, ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ನಿವೇದಿತಾಳ ಎದೆ ಹಿಂಡಿತು. ಅಳುವುದೋ ನಗುವುದೋ ತಿಳಿಯದೆ, "ಆತೇಳಪ್ಪಾ, ನಾಳೆ ಶನಿವಾರ, ನನ್ನ ಅಬುಧಾಬಿ ಕ್ಲಾಸೆಲ್ಲ ಮುಗದಾವ. ಸ್ಟೇಷನ್ನಿಗೆ ಹೋಗೂಣು," ಎಂದಳು. ಆಮೇಲೆ ಗಡಿಬಿಡಿಯಲ್ಲಿ ಶಾಲೆಗೆ ಓಡಿದಳು, ಅನ್ಸಿಫ್ ಮತ್ತು ರುಬೀನ ಕಾಯುತ್ತಿದ್ದರು.

ಶನಿವಾರ ಅಲ್ ಕುಸೈಸ್ ಸ್ಟೇಷನ್ನಿನಲ್ಲಿ ಅವಳು ತನ್ನ ಕಾರ್ಡು ಹಿಡಿದು ತೋರಿಸಿದಳು. ಎಲ್ಲಿ ಇಡಬೇಕು, ಹಸಿರು ದೀಪ ಹತ್ತುವವರೆಗೆ ಹೇಗೆ ಕಾಯಬೇಕು, ಖಾನಾವಳಿಗೆ ಹತ್ತಿರದ ಬುರ್ಜುಮಾನ್‌ನಲ್ಲಿ ಇಳಿಯುವಾಗ ಮತ್ತೆ ಹೇಗೆ. ಪರಸಪ್ಪ ಕೈ ಹಿಂದೆ ಕಟ್ಟಿ, ವಿಧೇಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು. "ಇನ್ನೊಮ್ಮೆ ಹೇಳು," ಎಂದರು. ಅವಳು ಇನ್ನೊಮ್ಮೆ ಹೇಳಿದಳು. ಹಿಂದೆ ಸಾಲು ನಿಂತಿತು, ಯಾರೋ ಗೊಣಗಿದರು, ಅವಳು ತಿರುಗಿ ನೋಡಲಿಲ್ಲ.

ಅಪ್ಪ ಕಾರ್ಡು ಇಟ್ಟರು. ದೀಪ ಹಸಿರಾಯಿತು, ಗೇಟು ತೆರೆಯಿತು. ಅವಳೂ ಜೊತೆಗೆ ಹೊರಟಾಗ ಅವರು ಅಂಗೈ ಎತ್ತಿ ತಡೆದರು. ನಾಲ್ಕು ಹೆಜ್ಜೆ ಒಳಗೆ ಹೋಗಿ ನಿಂತು, ಕನ್ನಡಕ ಮೂಗಿನ ತುದಿಗೆ ಸರಿಸಿ, ಕಾರ್ಡಿನ ಮೇಲಿನ ಟೇಪನ್ನು ಉಗುರಿನಿಂದ ಎಬ್ಬಿಸಿ ಮೆಲ್ಲಗೆ ಕಿತ್ತರು. ಗೇಟಿನ ಆಚೆಯಿಂದ ಅದನ್ನು ಎತ್ತಿ ಮಗಳಿಗೆ ತೋರಿಸಿ, ಎಸ್ಕಲೇಟರ್ ಕಡೆಗೆ ಒಬ್ಬರೇ ನಡೆದರು.